ವಿಷಗಾಳಿಗೆ ವೇಷ ಕಟ್ಟುವ ಮುನ್ನ: ಮುಂಬಯಿ ಕನ್ನಡಿಗರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಚೆಂಬೂರು, ಗೋವಂಡಿ, ಡೊಂಬಿವಲಿ ಕಡೆ ಕಾರ್ಖಾನೆಯ ವಿಷಗಾಳಿಯ ಮೇಲೆ ಆಟ, ಪದ, ಚಿತ್ರಗಳಲ್ಲಿ ನಾವು ಮಾಡುವ ಬೀದಿ ಪ್ರಯೋಗ ನೋಡಿದವರು, ಗಣೇಶೋತ್ಸವಕ್ಕೆ ಒಂದು ಕಾರ್ಯಕ್ರಮ ಕೊಡಿ ಎಂದು ಫೋನ್ ಮಾಡುವ ಸಂಘದ ಕಾರ್ಯದರ್ಶಿಗಳು, ಮಕ್ಕಳನ್ನು ಕಳಿಸಲೋ ಬೇಡವೋ ಎಂದು ಅನುಮಾನಿಸುವ ತಾಯಂದಿರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಲೋಕಲ್ ಟ್ರೇನಿನ ಗದ್ದಲದಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇವೆ.

ನೀವು ಯಾರು? ಇದು ಯಾವ ಸಂಘ?

ಸಂಘ ಅಲ್ಲ. ನೋಂದಣಿ ಇಲ್ಲ, ಲೆಟರ್‌ಹೆಡ್ ಇಲ್ಲ, ಅಧ್ಯಕ್ಷರೂ ಇಲ್ಲ. ಮುಂಬಯಿ ಕನ್ನಡಿಗರ ಮಟ್ಟಿಗೆ ಇದೇ ಒಂದು ದಾಖಲೆ ಇರಬೇಕು. ಕನ್ನಡ ಶಾಲೆಯ ಇಬ್ಬರು ಟೀಚರು, ಬಣ್ಣದ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ಕೆಮಿಸ್ಟ್, ಒಬ್ಬ ಹೋಟೆಲ್ ಕ್ಯಾಶಿಯರ್, ಮದ್ದಳೆ ಬಾರಿಸುವ ಒಬ್ಬ ರಿಕ್ಷಾ ಚಾಲಕ, ಬ್ಯಾಂಕಿನಲ್ಲಿರುವ ನಾನು. ಕಾಲೇಜು ಮಕ್ಕಳು ಬರುತ್ತಾರೆ, ಪರೀಕ್ಷೆ ಬಂದರೆ ಮಾಯವಾಗುತ್ತಾರೆ. ಕೆಮಿಸ್ಟರು ಇಲ್ಲಿ ಹೇಗೆ ಎಂದು ಅಚ್ಚರಿ ಪಡಬೇಡಿ. ಈ ಊರಿನಲ್ಲಿ ರಸಾಯನಶಾಸ್ತ್ರವೂ ಕನ್ನಡವೂ ಹಳೆಯ ನೆಂಟರು. ಯಶವಂತ ಚಿತ್ತಾಲರು ಪಾಲಿಮರ್ ಉದ್ಯಮದಲ್ಲಿ, ಜಯಂತ ಕಾಯ್ಕಿಣಿಯವರು ಔಷಧ ಕಂಪನಿಯಲ್ಲಿ ದುಡಿದವರೇ.

ಹೊಗೆ ಎಲ್ಲರ ಕಣ್ಣಿಗೂ ಕಾಣುತ್ತದೆ, ನಾತ ಎಲ್ಲರ ಮೂಗಿಗೂ ಬಡಿಯುತ್ತದೆ. ಇನ್ನು ‘ಜಾಗೃತಿ’ ಮೂಡಿಸುವುದೇನು?

ಇದನ್ನು ಕೇಳಿದವರಿಗೆ ಮೊದಲು ಕೈಮುಗಿಯುತ್ತೇವೆ. ಶುರುವಿನ ಎರಡು ವರ್ಷ ನಾವು ಎಡವಿದ್ದೇ ಇಲ್ಲಿ. ಚೆಂಬೂರು ಪಕ್ಕದ ಮಾಹುಲ್ ಕಡೆಯ ಒಂದು ಕಟ್ಟಡದ ಕೆಳಗೆ ನಿಂತು ಮೈಕ್ ಹಿಡಿದು “ಬೆಂಜೀನ್ ಎಂದರೆ...” ಎಂದು ಬಾಯಿ ತೆರೆದಿದ್ದೆವು. ಮೇಲಿನ ಕಿಟಕಿಯಿಂದ ಒಬ್ಬ ಅಕ್ಕ ಕೂಗಿದಳು: “ಹೆಸರು ನೀವೇ ಇಟ್ಕೊಳ್ಳಿ. ರಾತ್ರಿ ಎರಡು ಗಂಟೆಗೆ ಬಂದು ಮೂಸಿ ನೋಡಿ!” ಕೆಳಗಿದ್ದವರೆಲ್ಲ ನಕ್ಕರು. ಅಂದು ಅಲ್ಲಿ ಅರಿವು ಮೂಡಿದ್ದು ನಮಗೆ.

ಜನರಿಗೆ ಗೊತ್ತಿದೆ. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಜಾಗ ಇಲ್ಲ. ಹೇಳಿದರೆ ಫ್ಲ್ಯಾಟಿನ ರೇಟು ಇಳಿಯುತ್ತದೆ. ಹೇಳಿದರೆ ಮಗಳ ಸಂಬಂಧ ನೋಡಲು ಬಂದವರು “ಹುಡುಗಿಗೆ ಉಬ್ಬಸ ಏನಾದರೂ ಇದೆಯಾ” ಎಂದು ಕೇಳುತ್ತಾರೆ. ಗಂಡ ಅದೇ ಗೇಟಿನೊಳಗೆ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗುತ್ತಿರುತ್ತಾನೆ. ಡಾಕ್ಟರು “ಧೂಳಿನ ಅಲರ್ಜಿ” ಎಂದು ಬರೆದು ಕೊಟ್ಟಿರುತ್ತಾರೆ. ಹೀಗೆ ಒಂದೊಂದು ಮನೆಯ ಕೆಮ್ಮೂ ಆ ಮನೆಯ ಖಾಸಗಿ ಕೆಮ್ಮಾಗಿ ಉಳಿಯುತ್ತದೆ. ಇಪ್ಪತ್ತು ಮನೆಯ ಕೆಮ್ಮು ಒಂದೇ ರಾತ್ರಿ ಶುರುವಾಯಿತು ಎಂಬುದು ಆ ಇಪ್ಪತ್ತು ಮನೆಗೂ ಗೊತ್ತಿರುವುದಿಲ್ಲ. ಚಿತ್ರವೋ ಪದವೋ ಆಟವೋ, ಅವರನ್ನು ಒಂದೆಡೆ ಕೂರಿಸಿ ಪಕ್ಕದ ಮನೆಯವರ ಬಾಯಲ್ಲಿ ಅದನ್ನು ಕೇಳಿಸುವುದಷ್ಟೇ ನಮ್ಮ ಕೆಲಸ.

ಮಾಹುಲ್‌ನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ತೈಲ ಶುದ್ಧೀಕರಣ ಘಟಕಗಳು ಅಲ್ಲಿಗೆ 1950ರ ದಶಕದಲ್ಲೇ ಬಂದವು. ಆಮೇಲೆ ರಸಗೊಬ್ಬರ, ವಿದ್ಯುತ್, ರಾಸಾಯನಿಕ ಸಂಗ್ರಹದ ಟ್ಯಾಂಕುಗಳು. ಇಷ್ಟೆಲ್ಲ ಇದ್ದಮೇಲೂ ಅವುಗಳ ಮಗ್ಗುಲಲ್ಲೇ ಪುನರ್ವಸತಿ ಕಟ್ಟಡಗಳನ್ನು ಕಟ್ಟಿ, ನಗರಕ್ಕೆ ನೀರು ತರುವ ತಾನ್ಸಾ ಪೈಪ್‌ಲೈನ್ ಪಕ್ಕದ ಗುಡಿಸಲುಗಳನ್ನು ಒಡೆದಾಗ ಅಲ್ಲಿದ್ದವರನ್ನು ಇಲ್ಲಿಗೆ ತಂದು ಹಾಕಿದರು. ಹಾಗೆ ಬರಲು ಒಪ್ಪದವರಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಮಾಹುಲ್ ಮತ್ತು ಅಂಬಾಪಾಡಾ ಗ್ರಾಮಸ್ಥರ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಆಗಸ್ಟಿನಲ್ಲಿ ನಾಲ್ಕು ಕಂಪನಿಗಳಿಗೆ ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಹಾರ ವಿಧಿಸಿ ಆದೇಶ ಹೊರಡಿಸಿತು. ಇಷ್ಟಾಗಿದ್ದರ ಬುಡದಲ್ಲಿ ಇರುವುದು “ನನಗೂ ಹಾಗೇ ಆಗುತ್ತೆ” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತು.

ಕಲೆಯಿಂದ ಎಲ್ಲಿಯಾದರೂ ಏನಾದರೂ ಆಗಿದೆಯೇ? ಒಂದಾದರೂ ಉದಾಹರಣೆ ಕೊಡಿ.

ಬೆಂಗಳೂರಿನಿಂದಲೇ ಶುರು ಮಾಡೋಣ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ನೀರು ನಿಂತದ್ದನ್ನು ನೋಡಿ ಅದರೊಳಗೊಂದು ಬೊಂಬೆ ಮೊಸಳೆ ತಂದು ಬಿಟ್ಟರು. ತಿಂಗಳುಗಟ್ಟಲೆ ಬಾಯಿ ತೆರೆದಿದ್ದ ಗುಂಡಿಗೆ ಆಮೇಲೆ ಡಾಂಬರು ಬಿತ್ತು. ಆದರೆ ಗುಂಡಿ ಮುಚ್ಚಲು ಒಂದು ಲಾರಿ ಡಾಂಬರು ಸಾಕು. ಗಾಳಿಗೆ ಅದು ಸಾಲದು.

ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಕಸದ ಗಲಾಟೆಯಲ್ಲಿ 2001ರಲ್ಲಿ ಮುಚ್ಚಿತು. ಕಾರ್ಮಿಕರು ಕಂಪನಿ ಮತ್ತು ಕೋರ್ಟಿನ ನಡುವೆ ವರ್ಷಗಟ್ಟಲೆ ಓಡಾಡಿದರು. 2015ರಲ್ಲಿ ಚೆನ್ನೈಯ ಸೋಫಿಯಾ ಅಶ್ರಫ್ ಅದರ ಮೇಲೆ ಒಂದು ರ್‍ಯಾಪ್ ಹಾಡಿದರು, ಅದು ದೇಶದಾಚೆಗೂ ಹಬ್ಬಿತು. 2016ರ ಮಾರ್ಚಿನಲ್ಲಿ ಕಂಪನಿ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂತು. ಹಾಡೇ ಗೆದ್ದುಕೊಟ್ಟಿತು ಎಂದು ಮಾತ್ರ ಹೇಳಬೇಡಿ. ಹಾಡಿಗಿಂತ ಮೊದಲು ಕಾರ್ಮಿಕರು ಹದಿನಾಲ್ಕು ವರ್ಷ ಕಾಗದ ಪತ್ರ ಒಟ್ಟು ಮಾಡಿ ಇಟ್ಟಿದ್ದರು. ಕಟ್ಟಿಗೆ ಒಟ್ಟಿತ್ತು, ಹಾಡು ಕಡ್ಡಿ ಗೀರಿತು.

ನಮ್ಮ ಕರಾವಳಿಯವರಿಗೆ ಇದಕ್ಕಿಂತ ಹತ್ತಿರದ್ದು ಕಾಸರಗೋಡಿನ ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ವಿಷ ಅದು. ಪಡ್ರೆಯ ಸ್ವರ್ಗ ಎಂಬ ಊರಿನಲ್ಲಿ (ಹೆಸರು ನೋಡಿ!) ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಮನೆಮನೆಯ ಕಾಯಿಲೆಯನ್ನು ಗಮನಿಸಿ ಬರೆದಿಟ್ಟರು, ಶ್ರೀ ಪಡ್ರೆಯವರು ಪತ್ರಿಕೆಗಳಲ್ಲಿ ಬರೆದರು, ಮಕ್ಕಳ ಫೋಟೋಗಳು ಹೊರಗೆ ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಬಳಕೆಗೆ ತಡೆ ಹಾಕಿತು. ಅಲ್ಲೂ ಮೊದಲು ಬಂದದ್ದು ವೈದ್ಯರ ಪುಸ್ತಕ, ಆಮೇಲೆ ಕ್ಯಾಮೆರಾ.

ಯಕ್ಷಗಾನಕ್ಕೂ ಕೆಮಿಕಲ್ ಫ್ಯಾಕ್ಟರಿಗೂ ಎತ್ತಣ ಸಂಬಂಧ?

ಕಾಳಿಂಗ ಮರ್ದನ. ನೀರಿಗೆ ವಿಷ ಬಿಟ್ಟವನ ಪ್ರಸಂಗ ನಮ್ಮಲ್ಲಿ ಯಾವ ಕಾಲದಿಂದಲೂ ಇದೆ, ಹೊಸದು ಬರೆಯುವ ಕಷ್ಟವೇ ಇಲ್ಲ. ಶುರುವಿನಲ್ಲಿ ನಾವು ವೇಷ ಕಟ್ಟಿ ಆಡಿದೆವು. ಹೆಡೆಯ ಮೇಲೆ ಕೃಷ್ಣ ಕುಣಿದ, ಚಪ್ಪಾಳೆ ಬಿತ್ತು, ಜನ ಮನೆಗೆ ಹೋದರು. ಏನೋ ಸಾಲದು ಅನಿಸಿತು. ಆಮೇಲೆ ತಾಳಮದ್ದಳೆಗೆ ತಿರುಗಿದೆವು. ವೇಷವಿಲ್ಲ, ಕುಣಿತವಿಲ್ಲ, ಎದುರು ಬದುರು ಕೂತು ವಾದ. ಸೊಸೈಟಿಯ ಪಾರ್ಕಿಂಗ್ ಜಾಗ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಮದ್ದಳೆ ಸಾಕು.

ನಮ್ಮ ಕಾಳಿಂಗನ ಅರ್ಥ ಹೇಳುವವರು ಆ ನಿವೃತ್ತ ಕೆಮಿಸ್ಟ್ ಅಣ್ಣ. ಅವರು ಮೊದಲ ಸಲ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ಗೋಪಾಲಾ, ನಿನ್ನ ಹಸುಗಳು ಇಲ್ಲಿ ನೀರಿಗಿಳಿಯುವ ಮೊದಲೇ ಈ ಮಡುವಿನಲ್ಲಿ ಇದ್ದವನು ನಾನು. ನಾನು ಬಂದಾಗ ದಡದಲ್ಲಿ ಒಂದು ಗುಡಿಸಲಿತ್ತೇ? ಗರುಡನ ಭಯಕ್ಕೆ ರಮಣಕ ದ್ವೀಪ ಬಿಟ್ಟವನಿಗೆ, ಸೌಭರಿ ಮುನಿಯ ಶಾಪದಿಂದ ಗರುಡ ಕಾಲಿಡಲಾರದ ಈ ಮಡು ಒಂದೇ ಆಸರೆಯಾಯಿತು. ಆ ಶಾಪವೇ ನನ್ನ ಪರವಾನಗಿ. ಮತ್ತೆ, ವಿಷ ನನ್ನ ಹುಟ್ಟುಗುಣ. ಹಾವಿಗೆ ವಿಷ ಬಿಡು ಎಂದರೆ ಹೊಟ್ಟೆ ಬಿಡು ಎಂದ ಹಾಗೆ.” ಡೊಂಬಿವಲಿಯಲ್ಲಿ ಈ ಮಾತು ಬಂದಾಗ ಸಭೆ ಗಪ್‌ಚಿಪ್. ಎಮ್‌ಐಡಿಸಿ (ಸರ್ಕಾರದ ಕೈಗಾರಿಕಾ ಪ್ರದೇಶ) ಮೊದಲು ಬಂತೋ ವಸತಿ ಮೊದಲು ಬಂತೋ ಎಂಬ ಜಗಳ ಅಲ್ಲಿ ಪ್ರತಿ ಚಹಾದಂಗಡಿಯಲ್ಲೂ ನಡೆಯುವಂಥದ್ದು. ಕೃಷ್ಣನ ಅರ್ಥ ಹೇಳುತ್ತಿದ್ದ ಟೀಚರು ಒಂದು ಕ್ಷಣ ತಡೆದು ಕೇಳಿದರು: “ಮೊದಲು ಬಂದವನಿಗೆ ಕೂರುವ ಹಕ್ಕು ಬರಬಹುದು. ಉಗುಳುವ ಹಕ್ಕೂ ಬರುತ್ತದೆಯೇ?”

ಅಸಲಿ ಪ್ರಶ್ನೆ ಬಂದದ್ದು ಮುಗಿದ ಮೇಲೆ. ಕಥೆಯಲ್ಲಿ ಕೃಷ್ಣ ಕಾಳಿಂಗನನ್ನು ಕೊಲ್ಲುವುದಿಲ್ಲ, ಹೆಂಡಿರು ಮಕ್ಕಳ ಸಮೇತ ಕಡಲಿಗೆ ಕಳಿಸುತ್ತಾನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಮೊಗವೀರ ಹಿರಿಯರೊಬ್ಬರು ಎದ್ದು ನಿಂತರು. “ಅಲ್ಲ ಮಾರಾಯ್ರೆ, ನದಿ ಚೊಕ್ಕ ಮಾಡ್ಲಿಕ್ಕೆ ಅವನನ್ನು ಕಡಲಿಗೆ ಕಳಿಸಿದ್ರಿ. ಕಡಲಲ್ಲಿ ನಾವಿಲ್ವಾ?” ಕೃಷ್ಣನ ಬಳಿ ಉತ್ತರ ಇರಲಿಲ್ಲ. ಕೊಳವೆ ಹಾಕಿ ಖಾಡಿಗೆ (ಕಡಲ ಹಿನ್ನೀರಿಗೆ) ಬಿಡುವುದು, ಒಂದು ಊರಿನ ಕಾರ್ಖಾನೆಯನ್ನು ಇನ್ನೊಂದು ಊರಿಗೆ ಸಾಗಿಸುವುದು, ಪ್ರತಿ ಸ್ಫೋಟದ ನಂತರ ಕೇಳಿಬರುವ “ಶಿಫ್ಟಿಂಗ್” ಎಂಬ ಪರಿಹಾರ, ಎಲ್ಲದಕ್ಕೂ ಆ ಒಂದು ಮಾತು ತಾಗುತ್ತದೆ. ಡೊಂಬಿವಲಿ 2016ರ ಮೇನಲ್ಲೂ 2024ರ ಮೇನಲ್ಲೂ ಅಂಥ ಸ್ಫೋಟ ಕಂಡ ಊರು. ಈಗ ನಮ್ಮ ಪ್ರಸಂಗ ಆ ಹಿರಿಯರ ಪ್ರಶ್ನೆಗೇ ನಿಲ್ಲುತ್ತದೆ. ಮಂಗಳ ಹಾಡುವ ಮೊದಲು ಭಾಗವತರು ಸಭೆಯ ಕಡೆ ತಿರುಗಿ “ಎಲ್ಲಿಗೆ ಕಳಿಸೋಣ?” ಎಂದು ಕೇಳುತ್ತಾರೆ. ಮುಕ್ಕಾಲು ಗಂಟೆ ಮಾತು ನಡೆಯುತ್ತದೆ. ಆಟಕ್ಕಿಂತ ಅದೇ ಚೆನ್ನಾಗಿರುತ್ತದೆ.

ಘಟ್ಟದ ಮೇಲಿನವರಿಗೆ ಯಕ್ಷಗಾನ ತಲೆಗೆ ಹತ್ತುವುದಿಲ್ಲವಲ್ಲ?

ಹತ್ತುವುದಿಲ್ಲ, ನಿಜ. ಕಲಬುರಗಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಬಸ್ತಿಯಲ್ಲಿ ನಮ್ಮ ಚೆಂಡೆ ಕೇಳಿ ಒಬ್ಬ ಕಾಕಾ “ಇದೇನು ಜಗಳ ನಡೆದೈತೋ?” ಅಂದ. ಅಲ್ಲಿ ಗೀಗೀ ಪದ ನಡೆಯುತ್ತದೆ. ದಪ್ಪು, ತುಂತುಣಿ, ಮುಂದೆ ಒಬ್ಬರು ಹಾಡಿದರೆ ಹಿಂದೆ ಇಬ್ಬರು ಎಳೆಯುತ್ತಾರೆ. ಪದ ಕಟ್ಟಿದ್ದೂ ನಾವಲ್ಲ. ಸಿಮೆಂಟಿನ ಧೂಳಿನಲ್ಲಿ ದುಡಿಯುವ ಒಬ್ಬ ಅಕ್ಕ ಎರಡು ಸಂಜೆಯಲ್ಲಿ ಕಟ್ಟಿದಳು. ಮರಾಠಿ ಪೋವಾಡದ (ವೀರಗೀತೆಯ) ಕಿವಿ ಇರುವ ನೆರೆಹೊರೆಯವರೂ ತಲೆದೂಗಿದರು. ಬೀದಿಯಲ್ಲಿ ನಿಂತು ಕನ್ನಡದಲ್ಲಿ ಹೇಳುವುದು ಹೊಸತೂ ಅಲ್ಲ. ಎಪ್ಪತ್ತರ ದಶಕದಲ್ಲಿ ‘ಸಮುದಾಯ’ ತಂಡ ಊರೂರಿಗೆ ಬೀದಿ ನಾಟಕ ಒಯ್ದಿತ್ತು, 1983ರಲ್ಲಿ ಶಿರಸಿ ಕಡೆ ಶುರುವಾದ ಅಪ್ಪಿಕೋ ಚಳವಳಿಯೂ ಜನಪದ ಕಲೆಗಳನ್ನು ಹಿಡಿದೇ ಹಳ್ಳಿಗಳಿಗೆ ಹೋಯಿತು.

‘ಬಿಳಿ ಪಂಚೆ’ ಪ್ರದರ್ಶನ ಎಂದರೇನು?

ಹಳೆಯ ಬಿಳಿ ಹತ್ತಿ ಪಂಚೆಯನ್ನು ಅಂಗೈ ಅಗಲದ ತುಂಡುಗಳಾಗಿ ಹರಿಯುತ್ತೇವೆ. ಒಂದು ಕಟ್ಟಡದಲ್ಲಿ ಒಪ್ಪಿದ ಮನೆಗಳಿಗೆಲ್ಲ ಒಂದೊಂದು. ಕಿಟಕಿಯ ಗ್ರಿಲ್ಲಿಗೆ ಏಳು ದಿನ ಕಟ್ಟಿಡಬೇಕು, ಒಗೆಯಬಾರದು, ಕೊಡವಬಾರದು. ಎಂಟನೇ ದಿನ ಎಲ್ಲವನ್ನೂ ಕೆಳಗೆ ಹಗ್ಗಕ್ಕೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕುತ್ತೇವೆ, ಮಹಡಿ ಮತ್ತು ದಿಕ್ಕಿನ ಪ್ರಕಾರ.

ಒಂದು ಸಲ ನಡೆದದ್ದು ಹೇಳುತ್ತೇನೆ. ಏಳು ಮಹಡಿಯ ಕಟ್ಟಡ, ಇಪ್ಪತ್ತಾರು ತುಂಡು. ರಸ್ತೆ ಕಡೆಯವು ಬೂದು ಬಣ್ಣಕ್ಕೆ ತಿರುಗಿದ್ದವು, ಅದು ಎಲ್ಲರೂ ಎಣಿಸಿದ್ದೇ. ಹಿಂಬದಿಯ ಮೂರನೇ ಮಹಡಿಯ ಎರಡು ತುಂಡು ಮಾತ್ರ ಕಂದು, ಮುಟ್ಟಿದರೆ ಬೆರಳಿಗೆ ಜಿಡ್ಡು. ಎಲ್ಲರೂ ಚಿಮಣಿಯ ಕಡೆ ಬೆರಳು ತೋರಿಸುತ್ತಿದ್ದಾಗ ವಾಚ್‌ಮನ್ ಹೇಳಿದ: ಹಿಂದಿನ ಶೆಡ್ಡಿನಲ್ಲಿ ರಾತ್ರಿ ತಾಮ್ರಕ್ಕೋಸ್ಕರ ವೈರು ಸುಡುತ್ತಾರೆ. ನಾಲ್ಕು ವರ್ಷದಿಂದ ಅವನು ನೋಡುತ್ತಿದ್ದ, ಯಾರೂ ಕೇಳಿರಲಿಲ್ಲ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ.

ಒಂದು ಎಚ್ಚರಿಕೆ. ಬಟ್ಟೆ ಹಿಡಿಯುವುದು ಧೂಳು, ಮಸಿ. ಬೆಂಜೀನ್‌ನಂಥ ಆವಿ ಬಟ್ಟೆಯ ಮೇಲೆ ಗುರುತು ಬಿಡುವುದಿಲ್ಲ. ಬಟ್ಟೆ ಬೆಳ್ಳಗಿದ್ದರೆ ಗಾಳಿ ಶುದ್ಧ ಎಂದು ತಿಳಿಯಬೇಡಿ, ಕಪ್ಪಾದರೆ ಅದೇ ಲ್ಯಾಬ್ ರಿಪೋರ್ಟ್ ಎಂದೂ ಹೊರಡಬೇಡಿ. ಇದೇ ಯೋಚನೆಯ ದೊಡ್ಡ ರೂಪ 2021ರ ಜನವರಿಯಲ್ಲಿ ಖಾರ್‌ಘರ್‌ನಲ್ಲಿ ನಿಂತಿತ್ತು. ಫಿಲ್ಟರ್ ಬಟ್ಟೆಯಿಂದ ಮಾಡಿದ ಒಂದು ಜೊತೆ ಬಿಳಿ ಶ್ವಾಸಕೋಶ. ಎರಡು ವಾರ ತುಂಬುವ ಮೊದಲೇ ಅದು ಕಪ್ಪಾಯಿತು.

ಮಕ್ಕಳನ್ನು ಕಳಿಸಬಹುದೇ? ಹೆದರಿಸುತ್ತೀರಾ?

ಹಿಂದೆ ಹೆದರಿಸಿದ್ದೇವೆ, ತಪ್ಪಾಯಿತು. ಗ್ಯಾಸ್ ಮಾಸ್ಕ್ ಹಾಕಿದ ಪಾತ್ರವೊಂದು ಮಕ್ಕಳ ನಡುವೆ ಓಡುತ್ತಿತ್ತು. ಒಬ್ಬ ಹುಡುಗಿ ಎರಡು ರಾತ್ರಿ ಕಿಟಕಿ ಮುಚ್ಚಿಸಿ ಮಲಗಿದಳಂತೆ. ತಾಯಿ ಬಂದು ಬೈದರು. ಆ ಪಾತ್ರ ಅಂದೇ ಸತ್ತಿತು.

ಪರಿಸರದ ಚಿತ್ರ ಬಿಡಿಸಿ ಎಂದರೆ ಎಲ್ಲ ಮಕ್ಕಳೂ ಅದನ್ನೇ ಬಿಡಿಸುತ್ತಾರೆ: ಎಡಕ್ಕೆ ಕಪ್ಪು ಚಿಮಣಿ, ಬಲಕ್ಕೆ ಹಸಿರು ಮರ, ನಡುವೆ ಅಳುವ ಭೂಮಿ. ಈಗ ನಾವು ಕೇಳುವುದು ಬೇರೆ: “ನಿಮ್ಮ ಗಲ್ಲಿಯ ವಾಸನೆಗೆ ಬಣ್ಣ ಕೊಡಿ.” ಕೊಳೆತ ಮೊಟ್ಟೆ ಒಬ್ಬನಿಗೆ ಹಳದಿ, ಇನ್ನೊಬ್ಬಳಿಗೆ ನೇರಳೆ. ನೇಲ್ ಪಾಲಿಶ್ ವಾಸನೆ ಗುಲಾಬಿ. ಗ್ಯಾಸ್ ಸಿಲಿಂಡರ್ ಸೋರಿದ ವಾಸನೆ, ಈಜುಕೊಳದ ವಾಸನೆ. ಪಕ್ಕದಲ್ಲಿ ಕೂತ ಕೆಮಿಸ್ಟ್ ಅಣ್ಣ ಇದು ಹೈಡ್ರೋಜನ್ ಸಲ್ಫೈಡ್ ಇರಬಹುದು, ಇದು ದ್ರಾವಕ, ಇದು ಮರ್ಕ್ಯಾಪ್ಟನ್, ಇದು ಕ್ಲೋರಿನ್ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. 2019ರ ಸೆಪ್ಟೆಂಬರಿನ ಒಂದು ರಾತ್ರಿ ಪೂರ್ವ ಉಪನಗರಗಳ ತುಂಬ ಗ್ಯಾಸಿನ ವಾಸನೆ ಹಬ್ಬಿ ಫೋನುಗಳು ಬಡಿದುಕೊಂಡದ್ದು ದೊಡ್ಡವರಿಗೆ ನೆನಪಿರಬಹುದು. ಮಕ್ಕಳ ಮೂಗು ದೊಡ್ಡವರದಕ್ಕಿಂತ ಪ್ರಾಮಾಣಿಕ. ಅವರಿಗೆ ಕಲಿಸುವ ಸುರಕ್ಷತೆಯ ಮಾತು ಒಂದೇ: ಕೊಳೆತ ಮೊಟ್ಟೆಯ ವಾಸನೆ ಜೋರಾಗಿದ್ದು ತಟ್ಟನೆ ನಿಂತರೆ ಗಾಳಿ ಸರಿಯಾಯಿತು ಎಂದುಕೊಳ್ಳಬಾರದು. ಆ ಅನಿಲ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ಅಲ್ಲಿಂದ ದೂರ ಹೋಗಬೇಕು.

ಮಕ್ಕಳಿಗೆ ಅತಿ ಇಷ್ಟದ ಕಥೆ ನೀಲಿ ನಾಯಿಗಳದ್ದು. 2017ರ ಆಗಸ್ಟಿನಲ್ಲಿ ತಳೋಜಾ ಕೈಗಾರಿಕಾ ಪ್ರದೇಶದ ಬೀದಿನಾಯಿಗಳು ಕಾಸಾಡಿ ನದಿಯ ಕಡೆ ಓಡಾಡಿ ಬಣ್ಣದ ನೀರಿನಿಂದ ನೀಲಿಯಾಗಿ ತಿರುಗಿದವು. ಜಪಾನಿನ ಮಿನಮಾಟದಲ್ಲೂ ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸದ ಸುಳಿವು ಕೊಟ್ಟದ್ದು ಹುಚ್ಚು ಹಿಡಿದಂತೆ ಕುಣಿದು ಸತ್ತ ಬೆಕ್ಕುಗಳು. ಆ ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ.

ನಮ್ಮ ಸೊಸೈಟಿ ಗೋಡೆ ಖಾಲಿ ಇದೆ. ಚೆಂದದ ಫ್ಲೆಮಿಂಗೊ ಬಿಡಿಸಿಕೊಡುತ್ತೀರಾ?

ಫ್ಲೆಮಿಂಗೊ ಬೇಡಿಕೆ ನಮಗೆ ಬರುವಷ್ಟು ಇನ್ಯಾವುದಕ್ಕೂ ಬರುವುದಿಲ್ಲ. ಠಾಣೆ ಖಾಡಿ 2022ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಹೆಚ್ಚು. ಗುಲಾಬಿ ಹಕ್ಕಿ ಯಾರಿಗೂ ಮುಜುಗರ ಮಾಡುವುದಿಲ್ಲ, ಅದೇ ತೊಂದರೆ. ಬಿಡಿಸುತ್ತೇವೆ, ಆದರೆ ಅದು ನಿಂತ ನೀರನ್ನೂ ಬಿಡಿಸುತ್ತೇವೆ. ಒಪ್ಪಿಗೆ ಇದ್ದರೆ ಹೇಳಿ.

ಬಣ್ಣದ ಬಗ್ಗೆ ನಾವು ಹಟಮಾರಿಗಳು. ವಿಷದ ವಿರುದ್ಧ ಚಿತ್ರ ಬರೆದು ಗೋಡೆಗೆ ಸೀಸ ಬಳಿಯುವುದು ನಗೆಪಾಟಲು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಮ್ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆ ನಿಯಮ ಮನೆ ಮತ್ತು ಅಲಂಕಾರದ ಬಣ್ಣಕ್ಕೆ, ಕೈಗಾರಿಕಾ ಬಣ್ಣಕ್ಕಲ್ಲ. ಹಾರ್ಡ್‌ವೇರ್ ಅಂಗಡಿಯವನು “ಸಾಬ್, ಇದು ಇನ್ನೂ ಗಟ್ಟಿ” ಎಂದು ಕೊಡುವ ಹಳದಿ, ಕೆಂಪು ಎನಾಮೆಲ್ ಡಬ್ಬಿ ತರಬೇಡಿ. ನೀರಿನ ಬಣ್ಣ ಸಾಕು. ಹಳೆಯ ಬಣ್ಣವನ್ನು ಒಣದಾಗಿ ಕೆರೆದು ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ದೂರ ಇಡಿ. ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಫ್ಲೆಕ್ಸ್ ಬ್ಯಾನರ್ ಹಾಕಿಸೋಣವೇ?

ಬೇಡ. ಅದೂ ಪಿವಿಸಿಯೇ. ಎರಡು ದಿನ ನೇತಾಡಿ ದೇವನಾರ್ ಸೇರುತ್ತದೆ. 2016ರಲ್ಲಿ ಆ ಕಸದ ಬೆಟ್ಟ ಹೊತ್ತಿಕೊಂಡಾಗ ಹೊಗೆ ಎಲ್ಲಿಯವರೆಗೆ ಬಂದಿತ್ತು ಎಂದು ಗೋವಂಡಿಯವರನ್ನು ಕೇಳಿ. ಹಳೆ ಸೀರೆಯ ಮೇಲೆ ಬರೆಯಿರಿ.

ಪೊಲೀಸ್ ಅನುಮತಿ ಬೇಕೇ? ಕಂಪನಿಯ ಹೆಸರು ಹೇಳಬಹುದೇ?

ಸೊಸೈಟಿಯ ಒಳಗಾದರೆ ಕಮಿಟಿಯ ಒಪ್ಪಿಗೆ ಬರಹದಲ್ಲಿ. ರಸ್ತೆ, ಮೈದಾನವಾದರೆ ಮೊದಲೇ ಸ್ಥಳೀಯ ಠಾಣೆಗೆ ಹೋಗಿ ಪತ್ರ ಕೊಟ್ಟು ಮುದ್ರೆ ಒತ್ತಿಸಿಕೊಳ್ಳಿ. ಪತ್ರ ಮರಾಠಿಯಲ್ಲಿ ಇರಲಿ, ಕೆಲಸ ಬೇಗ ಆಗುತ್ತದೆ. ಟಿಕೆಟ್ ಇಟ್ಟು ರಂಗಮಂದಿರದಲ್ಲಿ ಆಡುವ ನಾಟಕಕ್ಕೆ ಮಹಾರಾಷ್ಟ್ರದಲ್ಲಿ ಪರಿನಿರೀಕ್ಷಣ ಮಂಡಳಿಯ (ನಾಟಕದ ಸೆನ್ಸಾರ್) ಪ್ರಮಾಣಪತ್ರದ ಕಟ್ಟಳೆ ಇದೆ. ಗೋಡೆಗೆ ಮಾಲೀಕರ ಒಪ್ಪಿಗೆ ಇಲ್ಲದೆ ಕುಂಚ ತಾಗಿಸಬೇಡಿ, 1995ರ ವಿರೂಪ ತಡೆ ಕಾಯ್ದೆ ಕಲೆಗಾರನೋ ಕಿಡಿಗೇಡಿಯೋ ಎಂದು ನೋಡುವುದಿಲ್ಲ. ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ.

ಹೆಸರಿನ ವಿಷಯ: ಕೋರ್ಟು, ಮಾಲಿನ್ಯ ಮಂಡಳಿಯ ಆದೇಶದಲ್ಲಿ ಇರುವುದನ್ನು ಇದ್ದ ಹಾಗೇ ಹೇಳಬಹುದು, ಪ್ರತಿ ಕೈಯಲ್ಲಿರಲಿ. ಅನುಮಾನಕ್ಕೆ ಹೆಸರಿಡಬೇಡಿ. ಆ ವೈರು ಸುಡುವ ಶೆಡ್ಡಿನ ಕಥೆ ನೆನಪಿಡಿ, ಅಂದು ಚಿಮಣಿಯವರ ಹೆಸರು ಮೈಕಿನಲ್ಲಿ ಕೂಗಿದ್ದರೆ ನಮ್ಮ ಮಾತಿಗೆ ಇನ್ನು ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ನನ್ನ ತಮ್ಮ ಅದೇ ಫ್ಯಾಕ್ಟರಿಯಲ್ಲಿ ದುಡಿಯುತ್ತಾನೆ. ನಾನು ನಿಮ್ಮ ಜೊತೆ ನಿಂತರೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ನಮ್ಮ ಬಳಿ ಪೂರ್ತಿ ಉತ್ತರ ಇಲ್ಲ. ಮುಂಬಯಿಗೆ ಬಂದ ನಮ್ಮವರಲ್ಲಿ ಹೋಟೆಲ್ ಮತ್ತು ಬ್ಯಾಂಕ್ ಬಿಟ್ಟರೆ ಎಷ್ಟೋ ಮನೆ ಎದ್ದದ್ದು ಟ್ರಾಂಬೆ, ಬೇಲಾಪುರ ಪಟ್ಟಿ, ಡೊಂಬಿವಲಿಯ ಕಾರ್ಖಾನೆಗಳಿಂದ. ನನ್ನ ಮಾವನ ಪಿಂಚಣಿಯೂ ಹಾಗೇ ಬಂದದ್ದು. “ಕಾರ್ಖಾನೆ ಮುಚ್ಚಿ” ಎಂಬ ಸಾಲು ನಮ್ಮ ಯಾವ ಪದದಲ್ಲೂ ಇಲ್ಲ. ಬೇಲಿಯ ಹೊರಗೆ ಹತ್ತು ಪಾಲು ಬಂದ ಗಾಳಿ ಒಳಗಿರುವವನಿಗೆ ನೂರು ಪಾಲು ತಗುಲುತ್ತಿರುತ್ತದೆ. ಅವನ ಕೈಗವಸು, ಮಾಸ್ಕ್, ವರ್ಷದ ರಕ್ತ ಪರೀಕ್ಷೆ ನಮ್ಮ ಮಾತಿನ ಮೊದಲ ಪಾಲು. ನೀವು ಮುಂದೆ ನಿಲ್ಲುವುದು ಬೇಡ. ತಂಬೂರಿ ಹಿಡಿದು ಹಿಂದೆ ಕೂತವರೂ ಹಿಮ್ಮೇಳದವರೇ. ತಮ್ಮನ ಕೆಲಸಕ್ಕೆ ಕುತ್ತು ಬರುತ್ತದೆ ಅನಿಸಿದರೆ ಮನೆಯಲ್ಲೇ ಇರಿ. ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಕಾಯಿಲೆ ಬಿದ್ದವರ ಫೋಟೋ ಹಾಕಿದರೆ ಪರಿಣಾಮ ಹೆಚ್ಚಲ್ಲವೇ?

ಹೆಚ್ಚು. ಅದಕ್ಕೇ ಸುಮ್ಮನೆ ಹಾಕುವುದಿಲ್ಲ. ಅವರನ್ನು ಒಮ್ಮೆ ಕೇಳಿ, ಇನ್ನೊಮ್ಮೆ ಕೇಳಿ, ಆಮೇಲೆ ಮಾತ್ರ ಹಾಕುತ್ತೇವೆ. ಮಿನಮಾಟದಲ್ಲಿ ಛಾಯಾಗ್ರಾಹಕ ಯೂಜಿನ್ ಸ್ಮಿತ್ 1971ರಲ್ಲಿ ತೆಗೆದ, ಕಾಯಿಲೆಯ ಮಗಳನ್ನು ತಾಯಿ ಸ್ನಾನ ಮಾಡಿಸುವ ಚಿತ್ರ ಜಗತ್ತಿನ ಕಣ್ಣು ತೆರೆಸಿತು. ಆ ಮಗಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಹೆತ್ತವರ ಮನಸ್ಸರಿತು, ಸ್ಮಿತ್ ಜೊತೆ ದುಡಿದ ಐಲೀನ್ ಅವರು ಆ ಚಿತ್ರವನ್ನು ಹೊಸದಾಗಿ ಪ್ರಕಟಿಸಲು ಕೊಡುವುದನ್ನು ನಿಲ್ಲಿಸಿದರು. ನಾವೂ ಒಮ್ಮೆ ಒಬ್ಬ ಅಜ್ಜಿಯ ನೆಬ್ಯುಲೈಸರ್ ಫೋಟೋ ಪೋಸ್ಟರ್ ಮಾಡಿದ್ದೆವು, ಅವರು ಹೂಂ ಅಂದಿದ್ದರು. ವಾರದ ಮೇಲೆ ಮೊಮ್ಮಗ ಬಂದು, “ಅಜ್ಜಿಗೆ ನೀವು ರೇಶನ್ ಕಾರ್ಡಿನವರು ಅಂತ ಅನಿಸಿತ್ತು” ಎಂದ.

ದುಡ್ಡು ಎಲ್ಲಿಂದ?

ಆಟ ಮುಗಿದ ಮೇಲೆ ಟೋಪಿ ಹಿಡಿದು ಸಭೆಯಲ್ಲಿ ಸುತ್ತುತ್ತೇವೆ. ಚಹಾ ಇಡ್ಲಿ ಪರಿಚಯದ ಹೋಟೆಲಿನವರು ಕೊಡುತ್ತಾರೆ. ಹೊಗೆ ಬಿಡುವವರ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಯ) ಹಣ ಬೇಡ ಎಂದು ಎರಡು ಸಲ ಹೇಳಿದ್ದೇವೆ, ಒಮ್ಮೆ ಹೊಟ್ಟೆ ಉರಿದುಕೊಂಡೇ. ಹೋಟೆಲಿನವರೂ ಪೂರ್ತಿ ಪಾರಾಗಿಲ್ಲ ಅನ್ನಿ. ಬೇಕರಿಗಳು ಸೌದೆ, ಕಲ್ಲಿದ್ದಲು ಬಿಟ್ಟು ಶುದ್ಧ ಇಂಧನಕ್ಕೆ ಹೋಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಆರು ತಿಂಗಳ ಗಡುವು ಕೊಟ್ಟಾಗ, ಆ ವಿಷಯ ನಮ್ಮ ಪದಕ್ಕೆ ಸೇರಿಸೋಣವೇ ಎಂದು ಕೇಳಿದೆ. ಇಡ್ಲಿ ಕೊಡುವ ಅಣ್ಣ ಅರ್ಧ ನಿಮಿಷ ಸುಮ್ಮನಿದ್ದು, “ಸೇರಿಸಿ. ಸಾಂಬಾರು ಮಾತ್ರ ಇನ್ನು ನೀವೇ ತನ್ನಿ” ಅಂದರು. ತಮಾಷೆಗೇ ಇರಬೇಕು. ಸಾಂಬಾರು ಈಗಲೂ ಬರುತ್ತಿದೆ.

ಆಟ ಮುಗಿಯಿತು, ಚಪ್ಪಾಳೆ ಬಿತ್ತು. ಆಮೇಲೆ?

ಆಮೇಲೆ ಒಂದು ಇನ್ನೂರು ಪುಟದ ಪುಸ್ತಕ ಆ ಕಟ್ಟಡದಲ್ಲಿ ಬಿಟ್ಟು ಬರುತ್ತೇವೆ, ದಾರದಲ್ಲಿ ಪೆನ್ನು ಕಟ್ಟಿ. ತಾರೀಕು, ಗಂಟೆ, ಎಂಥ ವಾಸನೆ, ಗಾಳಿ ಯಾವ ಕಡೆಯಿಂದ, ಯಾರಿಗೆ ಏನಾಯಿತು. ಕನ್ನಡ, ಮರಾಠಿ, ಹಿಂದಿ, ಯಾವುದಾದರೂ ಸರಿ. ಮೂರು ತಿಂಗಳಾದ ಮೇಲೆ ಹೋಗಿ ತೆರೆದರೆ ನಮ್ಮ ಆಟ ಗೆದ್ದಿತೋ ಬಿದ್ದಿತೋ ಗೊತ್ತಾಗುತ್ತದೆ. ನಾಲ್ಕರಲ್ಲಿ ಒಂದು ಪುಸ್ತಕ ತುಂಬಿರುತ್ತದೆ. ಒಂದರಲ್ಲಿ ಹಾಲಿನ ಲೆಕ್ಕ ಇತ್ತು.

ತುಂಬಿದ ಪುಸ್ತಕಕ್ಕೆ ಕೆಲಸ ಇದೆ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಬರೆಯುವಾಗ “ಯಾವಾಗಲೂ ನಾತ” ಎಂದರೆ ಫೈಲು ಮಲಗುತ್ತದೆ. “ಹನ್ನೊಂದು ರಾತ್ರಿ, ಒಂದರಿಂದ ಮೂರರ ನಡುವೆ, ಪಶ್ಚಿಮದ ಗಾಳಿ” ಎಂದರೆ ಯಾರಾದರೂ ಎದ್ದು ಬರಬೇಕಾಗುತ್ತದೆ. ಕೇಂದ್ರ ಮಂಡಳಿಯ ಸಮೀರ್ ಆ್ಯಪ್‌ನಲ್ಲೂ ದೂರು ಹಾಕಬಹುದು. ಮುಂಬಯಿ ಪಾಲಿಕೆಯ ಫೋನ್ 1916. ಕಾರ್ಖಾನೆಗೆ ಕೊಟ್ಟ ಪರವಾನಗಿಯ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಆ್ಯಪ್‌ನಲ್ಲಿ ಹಸಿರು ಕಂಡರೆ ನಂಬಿ ಕೂರಬೇಡಿ. ಸೂಕ್ಷ್ಮ ಕಣ ಪಿಎಮ್ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

ನಾನೂ ಸೇರಬೇಕು. ಹಾಡಲು ಬರುವುದಿಲ್ಲ, ಚಿತ್ರ ಬರುವುದಿಲ್ಲ.

ಕೇಳಿಸಿಕೊಳ್ಳಲು ಬರುತ್ತದೆಯೇ? ಸಾಕು. ಮೊದಲ ಮೂರು ಭಾನುವಾರ ಹೊಸಬರಿಗೆ ಬೇರೆ ಕೆಲಸ ಕೊಡುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಕಟ್ಟುವುದಿಲ್ಲ, ಆಗ ತಾಳಮದ್ದಳೆ ಅಭ್ಯಾಸ. ಬರುವಾಗ ಮನೆಯಲ್ಲಿರುವ ಒಂದು ಹಳೆಯ ಬಿಳಿ ಪಂಚೆ ತನ್ನಿ. ಅಂಚು ಕತ್ತರಿಸಿರಲಿ, ನೀಲಿ ಹಾಕಿ ಒಗೆದದ್ದು ಬೇಡ.